ಸೋಮವಾರ ಏಳೂವರೆಯ ಬಸ್ಸು

ಗಂಟೆ ನಿಮಿಷದ ಲೆಕ್ಕ ಹೇಳಿಕೊಡುವ ಮೇಷ್ಟ್ರ ಜಗಲಿಯಲ್ಲಿ ನಗುವಿಗೆ ಬರ ಬಂದದ್ದನ್ನು ನಾನಂತೂ ಕಾಣೆ. ಕೂಡುವ ಲೆಕ್ಕ, ಕಳೆಯುವ ಲೆಕ್ಕ, ಗಜ ಅಡಿಯ ಲೆಕ್ಕ ಎಲ್ಲ ತೆಪ್ಪಗೆ ಬಂದು ತೆಪ್ಪಗೆ ಹೋಗುತ್ತವೆ. 'ಬಸ್ಸು ಇಷ್ಟು ಗಂಟೆಗೆ ಹೊರಟಿತು, ಎಷ್ಟು ಗಂಟೆಗೆ ಸೇರಿತು?' ಅಂತ ಒಂದು ಲೆಕ್ಕ ಕೊಟ್ಟು ನೋಡಿ. ಆವತ್ತು ಏನಾದರೊಂದು ಆಗಿಯೇ ತೀರುತ್ತದೆ.

ನಾನು ಮಧುಗಿರಿಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದದ್ದು ಮಹಾರಾಜರ ಕಾಲದಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ. ಅಲ್ಲೊಂದು ಹೈಸ್ಕೂಲು. ಹೆಸರು ಬೇಡ, ಅದರ ಹೆಡ್‌ಮಾಸ್ಟರರ ಕತೆ ಮುಂದೆ ಬರುವುದಿದೆ. ಅದಕ್ಕೆ ಸೇರಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಗಣಿತದ ಪತ್ರಿಕೆಯಲ್ಲಿ ವೇಳೆಯ ಲೆಕ್ಕ, ವೇಳಾಪಟ್ಟಿಯ ಲೆಕ್ಕ ಇದ್ದೇ ಇರುತ್ತಿದ್ದವು. ಹಳ್ಳಿ ಮಕ್ಕಳು ಮುಗ್ಗರಿಸುತ್ತಿದ್ದದ್ದೂ ಅಲ್ಲೇ. ಮನೆಯಲ್ಲಿ ಗಡಿಯಾರವನ್ನೇ ನೋಡದ ಮಕ್ಕಳು ಪಾಪ ಏನು ಮಾಡಿಯಾವು? ಅದಕ್ಕೆ ಪರೀಕ್ಷೆಯ ಮುಂಚಿನ ಕೆಲವು ವಾರ ಬೆಳಗಿನ ಹೊತ್ತು ನಮ್ಮ ಮನೆ ಜಗಲಿಯಲ್ಲಿ ಪಾಠ ಇಟ್ಟುಕೊಳ್ಳುತ್ತಿದ್ದೆ.

ಒಂದು ವರ್ಷ ನಾಲ್ಕು ಮಕ್ಕಳು ಬಂದರು. ಮೂವರು ಹುಡುಗರು: ಒಬ್ಬ ಶಿರಾದವನು, ಒಬ್ಬ ಪಾವಗಡದ ಕಡೆಯವನು, ಒಬ್ಬ ಚನ್ನರಾಯನದುರ್ಗದವನು. ಪರೀಕ್ಷೆಗೆಂದು ಮಧುಗಿರಿಯ ನೆಂಟರ ಮನೆಗಳಲ್ಲಿ ಬಂದು ಇಳಿದಿದ್ದರು. ನಾಲ್ಕನೆಯವಳು ಹೊಳವನಹಳ್ಳಿಯ ಹುಡುಗಿ. ಅವಳು ಒಬ್ಬಳೇ ಬರಲಿಲ್ಲ, ಜೊತೆಗೆ ಅವಳ ಅಜ್ಜಿಯೂ ಬಂದರು. ಮೊಮ್ಮಗಳು ಪಾಠ ಕೇಳುವಾಗ ಅಜ್ಜಿ ಜಗಲಿಯ ಕಂಬಕ್ಕೆ ಒರಗಿ, ಹತ್ತಿಯ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು.

ಅಜ್ಜಿಗೆ ಒಂದಕ್ಷರ ಬರದು. ಆದರೆ ಮೊಮ್ಮಗಳು ಓದಬೇಕು ಅಂತ ಊರಲ್ಲಿ ತಮ್ಮ ಗಂಡು ಮಕ್ಕಳ ಜೊತೆ ಜಗಳ ಆಡಿ ಗೆದ್ದು ಬಂದಿದ್ದರು. ಪೂರ್ತಿ ಗೆದ್ದಿರಲಿಲ್ಲ. "ಒಂದೇ ಒಂದ್ ಸಲ ಬರೀಲಿ. ಆಗ್ಲಿಲ್ವಾ, ಸುಮ್ಕೆ ಕರ್ಕಂಡ್ ಬಂದ್ಬುಡು, ಗಂಡು ನೋಡಿಟ್ಟಿದೀವಿ" ಅಂತ ಗಂಡು ಮಕ್ಕಳು ಕಡೇ ಮಾತು ಹೇಳಿ ಕಳಿಸಿದ್ದರಂತೆ. ಮೊದಲ ದಿನವೇ ಅಜ್ಜಿ ನನಗೆ ಅಂದರು, "ಮೇಷ್ಟ್ರೇ, ನನ್ ಕೈಲಿರೋದು ಒಂದೇ ಕಲ್ಲು. ಮಾವಿನ್ಕಾಯಿ ಬೀಳ್ಲೇಬೇಕು ಕಣಪ್ಪಾ."

೧. ಒಂಟಿ ಮುಳ್ಳು

ನಮ್ಮ ಮನೆಯ ಗೋಡೆ ಗಡಿಯಾರ ಮದುವೆಯಲ್ಲಿ ಮಾವನವರು ಕೊಟ್ಟದ್ದು. ಅದರ ದೊಡ್ಡ ಮುಳ್ಳು ಯಾವಾಗಲೋ ಉದುರಿಹೋಗಿತ್ತು. ಯುದ್ಧದ ಕಾಲ, ಮುಳ್ಳು ಎಲ್ಲಿ ಸಿಗಬೇಕು? ಉಳಿದದ್ದು ಗಂಟೆಯ ಚಿಕ್ಕ ಮುಳ್ಳೊಂದೇ. ನಾನು ಅದರಲ್ಲೇ ಪಾಠ ಶುರು ಮಾಡಿದೆ. ಮುಳ್ಳು ಎಂಟಕ್ಕೂ ಒಂಬತ್ತಕ್ಕೂ ಸರಿ ನಡುವೆ ನಿಂತರೆ ಎಂಟೂವರೆ. ಕಾಲು ದಾರಿ ದಾಟಿದ್ದರೆ ಎಂಟೂಕಾಲು. ಮಿಕ್ಕದ್ದನ್ನು ಅಂದಾಜು ಮಾಡಿ ಅಂದೆ.

ಸ್ವಲ್ಪ ದಿನ ಹೋಗುತ್ತಲೇ ಮಕ್ಕಳು ಆ ಒಂಟಿ ಮುಳ್ಳನ್ನು ನೋಡಿ ನಿಮಿಷ ಹೇಳತೊಡಗಿದರು! ನನಗೇ ನಂಬಿಕೆ ಬರಲಿಲ್ಲ. ಪಕ್ಕದ ಮನೆಯ ಗುಮಾಸ್ತರ ಕೈಗಡಿಯಾರ ಈಸಿಕೊಂಡು ಬಂದು ಹೋಲಿಸಿ ನೋಡಿದೆ. ಚನ್ನರಾಯನದುರ್ಗದ ಹುಡುಗ ಹೇಳಿದ್ದಕ್ಕೂ ಅದಕ್ಕೂ ಎರಡೇ ನಿಮಿಷದ ವ್ಯತ್ಯಾಸ. ನಾನು ಇಷ್ಟು ವರ್ಷ ಅದೇ ಗಡಿಯಾರದ ಕೆಳಗೆ ಬಾಳಿದವನು, ನನಗೆ ಇವತ್ತಿಗೂ ಹಾಗೆ ಹೇಳಲು ಬಾರದು. ಈ ಮಕ್ಕಳ ಕಣ್ಣಿಗೆ ಕೈ ಮುಗಿಯಬೇಕು ಅನ್ನಿಸಿತು.

ಆದರೆ ಪರೀಕ್ಷೆಯಲ್ಲಿ ಒಂಟಿ ಮುಳ್ಳಿನ ಗಡಿಯಾರ ಕೊಡುವುದಿಲ್ಲವಲ್ಲ. ಅದಕ್ಕೆ ಒಂದು ದಿನ ಗುಮಾಸ್ತರ ಮನೆಯ ಟೈಂಪೀಸನ್ನೇ ತಂದು ಮುಂದಿಟ್ಟೆ. ಎಂಟು ಗಂಟೆ ಇಪ್ಪತ್ತು ನಿಮಿಷ ಆಗಿತ್ತು. ದುರ್ಗದ ಹುಡುಗ ಅದನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಮುಖ ಚಿಕ್ಕದಾಯಿತು.

"ಸಾ, ಇದ್ರಾಗೆ ಎಲ್ಡ್ ಮುಳ್ಳವೆ. ಒಂದು ಎಂಟು ಅಂತದೆ, ಇನ್ನೊಂದು ನಾಕು ಅಂತದೆ. ಯಾವುದ್ನ ನಂಬನ?"

"ಎರಡನ್ನೂ ನಂಬಬೇಕು ಕಣೋ" ಅಂದೆ.

"ಒಂಟಿ ಮುಳ್ಳೇ ವಾಸಿ ಸಾ. ಒಬ್ರೇ ಮಾತಾಡಿದ್ರೆ ಅರ್ಥ ಆಯ್ತದೆ."

ಒಳಗಿನಿಂದ ನನ್ನ ಹೆಂಡತಿ ಅಂದಳು, "ಗಡಿಯಾರ ಬರದಿದ್ರೆ ಹೋಗ್ಲಿ ಬಿಡಿ, ಆ ಹುಡುಗನಿಗೆ ಸಂಸಾರ ಬರುತ್ತೆ."

೨. ಸರ್ಕಾರ ತಿರುಗಿಸಿದ್ದು

ಆ ಕಾಲದ ಇನ್ನೊಂದು ಅವಾಂತರವನ್ನು ಇಲ್ಲಿ ಹೇಳಲೇಬೇಕು. ಯುದ್ಧಕ್ಕೆಂದು ಸರ್ಕಾರದವರು ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟಿದ್ದರು. ನಿನ್ನೆಯವರೆಗೆ ಹತ್ತು ಆಗಿದ್ದದ್ದು ಇವತ್ತು ಹನ್ನೊಂದು. ಕಚೇರಿ, ಸ್ಕೂಲು, ಅಂಚೆ ಎಲ್ಲ ಹೊಸ ಗಂಟೆಗೆ ನಡೆಯುತ್ತಿದ್ದವು. ಹೊಲ, ಅಡುಗೆ, ಪೂಜೆ ಎಲ್ಲ ಹಳೇ ಗಂಟೆಗೆ. ಯಾರಾದರೂ ಕರೆದರೆ 'ಹೊಸದೋ ಹಳೇದೋ' ಅಂತ ಕೇಳಿಕೊಂಡೇ ಹೋಗಬೇಕಾಗಿತ್ತು. ನಾನು ಒಂದು ಮದುವೆ ಊಟಕ್ಕೆ ಕೇಳದೆ ಹೋಗಿ, ಅಡುಗೆಯವರ ಜೊತೆ ಕೂತು ತೆಂಗಿನಕಾಯಿ ತುರಿದುಕೊಟ್ಟಿದ್ದೆ.

ಶಿರಾದ ಹುಡುಗನ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಹುಡುಗ ಬಲು ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಒಂದು ದಿನ ಲೆಕ್ಕ ಕೊಟ್ಟೆ: 'ಒಬ್ಬ ವ್ಯಾಪಾರಿ ಸಂಜೆ ನಾಲ್ಕು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಮನೆ ಬಿಟ್ಟು, ಎರಡು ಗಂಟೆ ಹತ್ತು ನಿಮಿಷ ನಡೆದು ಸಂತೆ ಸೇರಿದ. ಯಾವಾಗ ಸೇರಿದ?'

ಶಿರಾದವನು ಸ್ಲೇಟು ಮುಟ್ಟದೆ ಹೇಳಿದ, "ಅಸರ್ ನಮಾಜು ಆದ್ಮೇಲೆ, ಮಗ್ರಿಬ್‌ಗೆ ಮುಂಚೆ ಸಾರ್."

ಮಧ್ಯಾಹ್ನ ಇಳಿದ ಮೇಲಿನ ನಮಾಜಿಗೂ ಸೂರ್ಯ ಮುಳುಗಿದಾಗಿನ ನಮಾಜಿಗೂ ನಡುವೆ ಅಂತ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸರಿಯಾಗಿಯೇ ಇತ್ತು, ಮಾರಾಯ!

"ಅದು ಸರಿ. ಪರೀಕ್ಷೆಯಲ್ಲಿ ಗಂಟೆ ಹೇಳಬೇಕಲ್ಲೋ" ಅಂದೆ.

"ಯಾವ ಗಂಟೆ ಸಾರ್? ಹೊಸಾದಾ, ಹಳೇದಾ? ಅಂಗಡಿಗೊಂದು ಗಂಟೆ ಹೇಳ್ತಾರೆ. ಅಜಾನ್ ಆದ್ರೆ ಊರಿಗೆಲ್ಲಾ ಒಂದೇ. ನಮ್ಮ ಅಬ್ಬಾ ಹೇಳ್ತಾರೆ, ಸರ್ಕಾರ ತಿರುಗಿಸಿದ್ದು ಗಡಿಯಾರಾನ, ಸೂರಜ್ ಅಲ್ಲೇ ಇದ್ದಾನೆ ಅಂತ."

ಈ ಮಾತಿಗೆ ನಾನು ತಲೆದೂಗಿದೆ. ಆ ಮಾತು ಎಲ್ಲರ ತಲೆಯಲ್ಲೂ ಉಳಿಯಿತು, ಅದರ ಪ್ರಯೋಜನ ಏನು ಅಂತ ಆಮೇಲೆ ಗೊತ್ತಾಯಿತು. ಅವತ್ತಿಗಂತೂ ಹುಡುಗ ಅದನ್ನು ತನ್ನ ಪ್ರಯೋಜನಕ್ಕೇ ಬಳಸಿಕೊಂಡ. ಮರುದಿನ ಎಂಟು ಗಂಟೆಯ ಪಾಠಕ್ಕೆ ಒಂಬತ್ತಕ್ಕೆ ಬಂದ. ಯಾಕೋ ಅಂದರೆ, "ಹಳೇ ಗಂಟೆ ಎಂಟು ಸಾರ್" ಅಂದ. ಹತ್ತು ಹೊಡೆಯುತ್ತಲೇ ಎದ್ದು ನಿಂತ.

"ಎಲ್ಲಿಗೋ? ಹಳೇ ಗಂಟೆಗೆ ಇನ್ನೂ ಒಂಬತ್ತು!"

"ಬರೋದು ಹಳೇದಕ್ಕೆ ಸಾರ್, ಹೋಗೋದು ಹೊಸದಕ್ಕೆ."

ಎರಡು ಗಂಟೆಯ ಪಾಠವನ್ನು ಹೀಗೆ ಒಂದು ಗಂಟೆಗೆ ಇಳಿಸಿದವನಿಗೆ ವೇಳೆಯ ಲೆಕ್ಕ ಕಲಿಸಲು ನಾನು ಯಾರು?

೩. ಕೆಡದ ಬಸ್ಸು

ಯುದ್ಧದಲ್ಲಿ ಪೆಟ್ರೋಲಿಗೆ ತತ್ವಾರ. ಬಸ್ಸುಗಳ ಬೆನ್ನಿಗೆ ಒಂದು ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಅನಿಲದಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅನ್ನುವುದು ಮರ್ಯಾದೆಯ ಮಾತು. ಏರು ಬಂದರೆ ಅದು ನಿಲ್ಲುತ್ತಿತ್ತು, ಜನ ಇಳಿಯುತ್ತಿದ್ದರು.

ನಾನು ಕೊಟ್ಟ ಲೆಕ್ಕ ಇದು: 'ಬೆಳಿಗ್ಗೆ ಆರು ಮುಕ್ಕಾಲಿಗೆ ಪಾವಗಡ ಬಿಟ್ಟ ಬಸ್ಸು ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ ಓಡುತ್ತದೆ. ದಾರಿಯಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ. ಮಧುಗಿರಿಗೆ ಎಷ್ಟು ಗಂಟೆಗೆ ಬರುತ್ತದೆ?'

ಮೂವರು ಹತ್ತು ಇಪ್ಪತ್ತು ಅಂತ ಬರೆದರು. ಪಾವಗಡದ ಹುಡುಗನ ಸ್ಲೇಟಿನಲ್ಲಿ ಒಂದೇ ಪದ ಇತ್ತು: 'ಸಂಜೆ'.

"ಏನೋ ಇದು?"

ಹುಡುಗ ಎದ್ದು ನಿಂತು ಬೆರಳು ಮಡಿಚುತ್ತ, ತನ್ನ ಕಡೆಯ ತೆಲುಗು ಬೆರೆಸಿ ಹೇಳಿದ. "ಮೊದ್ಲು ಇದ್ದಿಲು ಹಚ್ಚಾಲ ಸಾರ್. ಅದು ಹತ್ಕೊಳ್ಳಾಕೆ ಒಂದು ಗಂಟೆ. ಆಮೇಲೆ ಫಸ್ಟ್ ಏರು. ಅಂದರೂ ದಿಗಾಲ, ತೋಯಾಲ. ಅಂದ್ರೆ ಎಲ್ಲಾರೂ ಇಳೀಬೇಕು, ತಳ್ಳಬೇಕು. ಆಮೇಲೆ ಎರಡ್ನೇ ಏರು. ಮಳ್ಳಿ ದಿಗಾಲ, ಮಳ್ಳಿ ತೋಯಾಲ. ನಾನು ಇಲ್ಲಿಗೆ ಬಂದಿದ್ದು ಅಂಗೇ ಸಾರ್. ದಾರೀಲಿ ನಿಂತಿದ್ದು ಹದಿನೈದು ನಿಮಿಷ ಅಲ್ಲ, ಓಡಿದ್ದು ಹದಿನೈದು ನಿಮಿಷ."

ಮಿಕ್ಕವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. "ಮಗ ದಿಟ ಯೋಳ್ತಾವ್ನೆ" ಅಂದರು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಕಣ್ಣಾರೆ ಕಂಡದ್ದನ್ನು ಬಿಟ್ಟು ಕಾಗದದಲ್ಲಿರುವುದನ್ನು ನಂಬು ಅಂತ ಹೇಳುವುದು ಮೇಷ್ಟ್ರ ಕೆಲಸ ಆಗಿಬಿಟ್ಟಿದೆಯಲ್ಲ ಅಂತ ಬೇಜಾರೂ ಆಯಿತು.

"ನೋಡು ಮಗು, ನೀನು ಹೇಳಿದ್ದು ನಿಜದ ಬಸ್ಸು. ಇದು ಲೆಕ್ಕದ ಬಸ್ಸು. ಲೆಕ್ಕದ ಬಸ್ಸು ಯಾವತ್ತೂ ಕೆಡೋದಿಲ್ಲ. ಹೇಳಿದ ಹೊತ್ತಿಗೆ ಹೊರಡುತ್ತೆ, ಹೇಳಿದ ಹೊತ್ತಿಗೆ ಸೇರುತ್ತೆ" ಅಂದೆ.

ಅವನ ಕಣ್ಣು ಅರಳಿತು. "ಔನಾ ಸಾರ್? ಅದು ಎಲ್ಲಿ ನಿಲ್ತದೆ ಯೋಳಿ, ನಾನು ಇನ್ಮೇಲೆ ಅದ್ರಲ್ಲೇ ಊರಿಗೋಗ್ತೀನಿ!"

೪. ರಾಹು ಹತ್ತಿದ ಬಸ್ಸು

ಹೊಳವನಹಳ್ಳಿಯ ಹುಡುಗಿಯ ಬಗ್ಗೆ ನಾನು ಇನ್ನೂ ಹೇಳಿಲ್ಲ. ಯಾಕೆಂದರೆ ಅವಳ ಲೆಕ್ಕ ತಪ್ಪುತ್ತಿರಲಿಲ್ಲ. ತಪ್ಪದವರ ಬಗ್ಗೆ ಹೇಳಲು ಏನಿರುತ್ತದೆ? ಲೆಕ್ಕ ಓದಿ ಮುಗಿಸುವುದರೊಳಗೆ ಅವಳ ಬಳಪ ನಿಂತಿರುತ್ತಿತ್ತು. ಇಂಥ ಹುಡುಗಿ ನನಗೆ ಆಮೇಲೆ ಎಷ್ಟು ವರ್ಷ ಪಾಠ ಮಾಡಿದರೂ ಸಿಗಲಿಲ್ಲ.

ಅಂಥವಳೂ ಒಂದು ದಿನ ತಪ್ಪು ಮಾಡಿದಳು. 'ಸೋಮವಾರ ಬೆಳಿಗ್ಗೆ ಏಳೂವರೆಗೆ ಮಧುಗಿರಿ ಬಿಟ್ಟ ಬಸ್ಸು ಒಂದು ಗಂಟೆ ಐವತ್ತು ನಿಮಿಷ ಓಡಿ ಶಿರಾ ಸೇರುತ್ತದೆ. ಎಷ್ಟು ಗಂಟೆಗೆ?' ಹುಡುಗರು ಮೂವರೂ ಒಂಬತ್ತು ಇಪ್ಪತ್ತು ಅಂದರು, ಪಾವಗಡದವನೂ ಸೇರಿ. ಹುಡುಗಿಯ ಸ್ಲೇಟಿನಲ್ಲಿ ಹತ್ತು ಐವತ್ತು!

"ಇನ್ನೊಂದು ಸಲ ಮಾಡಮ್ಮ" ಅಂದೆ. ಮಾಡಿದಳು. ಮತ್ತೆ ಹತ್ತು ಐವತ್ತು. ನಾನು ತಲೆ ಕೆರೆದುಕೊಂಡೆ. ಒಂದೂವರೆ ಗಂಟೆ ಎಲ್ಲಿಂದ ಜಾಸ್ತಿ ಬಂತು? ಹುಡುಗಿ ತಲೆ ತಗ್ಗಿಸಿ ನಿಂತಳು. ಉತ್ತರ ಕಂಬದ ಹತ್ತಿರದಿಂದ ಬಂತು.

"ಅಲ್ಲ ಮೇಷ್ಟ್ರೇ, ಸೋಮ್ವಾರ ಏಳೂವರೆಗೆ ಯಾವನ್ಲಾ ಬಸ್ ಬುಡೋನು? ಏಳೂವರೆಯಿಂದ ಒಂಬತ್ಗಂಟೆ ಗಂಟ ರಾಹುಕಾಲ ಅಲ್ವಾ! ಡ್ರೈವರ್ರಿಗೂ ಹೆಂಡ್ತಿ ಮಕ್ಳು ಇರಾಕಿಲ್ವಾ?"

ಆಗ ಹೊಳೆಯಿತು. ಹುಡುಗಿ ರಾಹುಕಾಲ ಕಳೆಯುವ ತನಕ ಬಸ್ಸನ್ನು ನಿಲ್ಲಿಸಿಕೊಂಡು, ಒಂಬತ್ತಕ್ಕೆ ಬಿಟ್ಟಿದ್ದಳು. ಒಂಬತ್ತಕ್ಕೆ ಒಂದು ಗಂಟೆ ಐವತ್ತು ನಿಮಿಷ ಸೇರಿಸಿದರೆ ಹತ್ತು ಐವತ್ತು. ಕೂಡಿದ್ದರಲ್ಲಿ ಒಂದು ನಿಮಿಷ ತಪ್ಪಿಲ್ಲ.

"ಅಜ್ಜೀ, ಲೆಕ್ಕದಲ್ಲಿ ರಾಹುಕಾಲ ಇರೋದಿಲ್ಲ" ಅಂದೆ.

"ರಾಹು ಇಲ್ದಿರೋ ಜಾಗ ಯಾವುದೈತಪ್ಪಾ? ಸೂರ್ಯನ್ನೇ ಬುಡ್ಲಿಲ್ಲ, ನಿನ್ ಬಸ್ ಬುಟ್ಟಾನಾ?"

ವಾದ ಮಾಡಿ ಉಪಯೋಗವಿಲ್ಲ ಅಂತ ಗೊತ್ತಾಯಿತು. ಹುಡುಗಿ ನನ್ನ ಮಾತು ಕೇಳಿದರೆ ಅಜ್ಜಿಗೆ ನೋವು, ಅಜ್ಜಿಯ ಮಾತು ಕೇಳಿದರೆ ಮಾರ್ಕು ಹೋಗುತ್ತದೆ. ಕೊನೆಗೆ ನಾನೇ ಸೋತೆ. ಅಂದಿನಿಂದ ಲೆಕ್ಕ ಬರೆಯುವ ಮುಂಚೆ ಪಂಚಾಂಗ ತೆಗೆದು, ರಾಹುಕಾಲ ಇಲ್ಲದ ಹೊತ್ತಿನಲ್ಲಿ ಬಸ್ಸು ಬಿಡತೊಡಗಿದೆ. ದಿನವೂ ಬೆಳಿಗ್ಗೆ ನನ್ನ ಕೈಯಲ್ಲಿ ಪಂಚಾಂಗ ನೋಡಿ ಹೆಂಡತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು, 'ಅಂತೂ ಇವರಿಗೆ ಬುದ್ಧಿ ಬಂತು' ಅಂತ.

೫. ಶುಕ್ರವಾರ ಹನ್ನೊಂದು ಗಂಟೆ

ಪರೀಕ್ಷೆಯ ದಿನ ಗೊತ್ತಾಯಿತು: ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ.

ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಕೈ ನಿಂತುಹೋಯಿತು. "ಶುಕ್ರವಾರ ಹತ್ತೂವರೆಯಿಂದ ಹನ್ನೆಲ್ಡು ರಾಹುಕಾಲ" ಅಂದರು. ಆಮೇಲೆ ನಿಧಾನವಾಗಿ ಹೇಳಿದರು, "ಮೇಷ್ಟ್ರೇ, ಹತ್ ಸಲ ಬರ್ಯಂಗಿದ್ರೆ ರಾಹುಕಾಲ್ದಾಗೆ ಒಂದ್ ಸಲ ಬರೀಲಿ ಅಂತಿದ್ದೆ. ಇರೋದೇ ಒಂದ್ ಸಲ. ಅದ್ನೂ ರಾಹು ಕೈಗೆ ಕೊಡಾಕೆ ನನ್ ಕೈಲಾಗಕಿಲ್ಲ. ಅವತ್ತು ಕೂರ್ಸಾಕಿಲ್ಲ ಕಣಪ್ಪಾ."

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ನನಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಊರನ್ನೆಲ್ಲ ಎದುರು ಹಾಕಿಕೊಂಡು ಮೊಮ್ಮಗಳನ್ನು ಕರೆತಂದವರೂ ಇದೇ ಅಜ್ಜಿಯೇ. ಆ ಜೀವ ಹೆದರಿದ್ದು ಪ್ರೀತಿಯಿಂದಲೇ.

ನಾನು ಕೋಟು ಹಾಕಿಕೊಂಡು ಹೈಸ್ಕೂಲಿನ ಹೆಡ್‌ಮಾಸ್ಟರರ ಹತ್ತಿರ ಹೋದೆ. ಅವರು ಜರಿ ಪೇಟ, ಮುಚ್ಚು ಕೋಟು, ಜೇಬಿನಲ್ಲಿ ಸರಪಣಿ ಗಡಿಯಾರದ ಮನುಷ್ಯ. ಬೆಂಗಳೂರಿನಲ್ಲಿ ವಿಜ್ಞಾನ ಓದಿದವರು. ಬಹಳ ದೊಡ್ಡ ಪಾಠಗಾರರು, ಅದರಲ್ಲಿ ಎರಡು ಮಾತಿಲ್ಲ. ಪರೀಕ್ಷೆ ಶುರುವಾಗುವ ವೇಳೆಯನ್ನು ಸ್ವಲ್ಪ ಬದಲಾಯಿಸಬಹುದೇ ಅಂತ ನಯವಾಗಿ ಕೇಳಿದೆ. ಕಾರಣವನ್ನೂ ಹೇಳಿದೆ.

ಅವರು ಗಟ್ಟಿಯಾಗಿ ನಕ್ಕರು. "ಏನ್ರೀ, ಗಣಿತದ ಮೇಷ್ಟ್ರಾಗಿ ಇದನ್ನ ಕೇಳೋಕೆ ಬಂದಿರಾ? ಹೋಗಿ ಆ ರಾಹುವಿಗೆ ಹೇಳಿ, ಇದು ನನ್ನ ಸ್ಕೂಲು. ಬೇಕಿದ್ದರೆ ಅವನೇ ನನ್ನ ಟೈಂಟೇಬಲ್ ನೋಡಿಕೊಂಡು ಬರಲಿ!"

೬. ಜಗಲಿಯಲ್ಲಿ ಪಾಸಾದ ಲೆಕ್ಕ

ಮರುದಿನ ಪಾಠವೇ ನಡೆಯಲಿಲ್ಲ. ಅಜ್ಜಿ ಗಂಟು ಕಟ್ಟಲು ಶುರು ಮಾಡಿದ್ದರು. ಹುಡುಗರೂ ಸಪ್ಪಗೆ ಕೂತಿದ್ದರು. ಹುಡುಗಿ ಸ್ಲೇಟಿನ ಮೇಲೆ ಏನೋ ಗೀಚುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತಿ ಶಿರಾದವನನ್ನು ಕೇಳಿದಳು, "ಅವತ್ತು ನಿಮ್ಮಪ್ಪ ಏನೋ ಅಂದ್ರು ಅಂದ್ಯಲ್ಲಾ, ಸರ್ಕಾರ ತಿರುಗ್ಸಿದ್ದು ಏನು ಅಂತ?"

"ಗಡಿಯಾರಾನ ತಿರುಗಿಸಿದ್ದು. ಸೂರಜ್ ಅಲ್ಲೇ ಇದ್ದಾನೆ."

ಹುಡುಗಿ ಅಜ್ಜಿಯ ಮುಂದೆ ಹೋಗಿ ಕೂತಳು. "ಅಜ್ಜೀ, ರಾಹುಕಾಲ ಗಡಿಯಾರ ನೋಡ್ಕಂಡು ಬತ್ತದಾ, ಸೂರ್ಯನ್ನ ನೋಡ್ಕಂಡು ಬತ್ತದಾ?"

"ಸೂರ್ಯನ್ನ ನೋಡ್ಕಂಡು. ರಾಹುಗೆ ಗಡಿಯಾರ ಯಾಕೆ?"

"ಅಂಗಾದ್ರೆ ಹತ್ತೂವರೆ ಅಂತಿರೋದು ಹಳೇ ಗಂಟೆ. ಸ್ಕೂಲಿನೋರು ಹನ್ನೊಂದು ಅಂತಿರೋದು ಹೊಸ ಗಂಟೆ. ಹೊಸ ಹನ್ನೊಂದು ಅಂದ್ರೆ ಹಳೇ ಹತ್ತು. ಪರೀಕ್ಷೆ ಶುರುವಾದಾಗ ರಾಹುಕಾಲಕ್ಕೆ ಇನ್ನೂ ಅರ್ಧ ಗಂಟೆ ಇರ್ತದೆ!"

ನಾನು ಪಂಚಾಂಗ ಹಿಡಿದು ಓಡಾಡಿದ್ದೇ ಬಂತು, ಇದು ನನಗೆ ಹೊಳೆದೇ ಇರಲಿಲ್ಲ. ಅಜ್ಜಿ ಎದ್ದು ಅಂಗಳಕ್ಕೆ ಇಳಿದು, ಕಂಬದ ನೆರಳು ನೋಡಿದರು. ಗಡಿಯಾರದಲ್ಲಿ ಎಷ್ಟು ಅಂತ ಕೇಳಿದರು. ಮತ್ತೆ ನೆರಳು ನೋಡಿದರು. ಮೊಮ್ಮಗಳ ಲೆಕ್ಕವನ್ನು ಸೂರ್ಯನ ಜೊತೆಯಲ್ಲೇ ತಾಳೆ ಹಾಕಿದ ಮೇಲೆ ತೀರ್ಪು ಕೊಟ್ಟರು.

"ದಿಟ ಕಣವ್ವಾ. ಆದ್ರೆ ಒಂದ್ ಮಾತು. ರಾಹುಕಾಲ ಉಟ್ಟಾದ್ರೊಳ್ಗೆ ಮೊದಲ್ನೇ ಲೆಕ್ಕ ಶುರು ಮಾಡಿರ್ಬೇಕು. ಶುರುವಾದ್ ಕೆಲ್ಸಾನ ರಾಹು ಏನೂ ಮಾಡಾಕಿಲ್ಲ. ಶುರುವಾಗ್ದೆ ನೆಳ್ಳು ನಾನ್ ಎಳ್ದಿಟ್ಟ ಗೆರೆ ದಾಟ್ತೋ, ಒಳೀಕ್ ಬಂದು ಕೈ ಹಿಡ್ದು ಎಳ್ಕಂಡ್ ಒಂಟೋಯ್ತೀನಿ. ಆವಾಗ ಯಾವ ಮೇಷ್ಟ್ರು ಮಾತೂ ಕೇಳಾಕಿಲ್ಲ."

ಅಂದರೆ ಹೊಸ ಗಂಟೆ ಹನ್ನೊಂದೂವರೆಯೇ ಗಡುವು. ನಾನು ಒಪ್ಪಿಕೊಂಡೆ. ಎದ್ದು ಒಳಗೆ ಹೊರಟಾಗ ಹುಡುಗಿ ನನ್ನನ್ನು ತಡೆದು ನಿಲ್ಲಿಸಿದಳು.

"ಸಾರ್, ಅವತ್ತಿನ ಸೋಮವಾರದ ಬಸ್ಸಿಗೂ ಹೊಸ ಗಂಟೆ ತಾನೆ? ಅಂಗಾದ್ರೆ ರಾಹುಕಾಲ ಎಂಟೂವರೆಗೆ. ಏಳೂವರೆಗೆ ಬಸ್ಸು ಧಾರಾಳವಾಗಿ ಹೊರಡ್ಬಹುದಾಗಿತ್ತು. ನನ್ ಲೆಕ್ಕ ತಪ್ಪು ಸಾರ್. ಒಂಬತ್ತು ಇಪ್ಪತ್ತೇ ಸರಿ."

ವಾರಗಳಿಂದ ಮಧುಗಿರಿಯಲ್ಲೇ ನಿಂತಿದ್ದ ಬಸ್ಸು ಅವತ್ತು ಶಿರಾ ಸೇರಿತು.

೭. ಏರಿನ ಮೇಲೆ ಪರೀಕ್ಷೆ

ಶುಕ್ರವಾರ ಹತ್ತೂವರೆಗೇ ಹೈಸ್ಕೂಲಿನ ಅಂಗಳದಲ್ಲಿ ಮಕ್ಕಳು ಸೇರಿದ್ದರು. ಅಜ್ಜಿ ಹುಣಸೆ ಮರದ ಪಕ್ಕ ಒಂದು ಕೋಲು ನೆಟ್ಟು, ನೆಲದ ಮೇಲೆ ಒಂದು ಗೆರೆ ಎಳೆದು ಕೂತಿದ್ದರು. ಕೋಲಿನ ನೆರಳು ಆ ಗೆರೆ ಮುಟ್ಟಿತೋ, ರಾಹುಕಾಲ ಬಂತು ಅಂತ.

ಹನ್ನೊಂದಾಯಿತು. ಗಂಟೆ ಬಾರಿಸಲಿಲ್ಲ. ಹೆಡ್‌ಮಾಸ್ಟರರು ಸರಪಣಿ ಗಡಿಯಾರವನ್ನು ತೆಗೆಯುತ್ತ ಇಡುತ್ತ ಜಗಲಿಯಲ್ಲಿ ಶತಪಥ ತಿರುಗುತ್ತಿದ್ದರು. ವಿಚಾರಿಸಿದರೆ, ಪ್ರಶ್ನೆ ಪತ್ರಿಕೆಯೇ ಬಂದಿಲ್ಲ! ಮೊಹರು ಮಾಡಿದ ಗಂಟನ್ನು ತುಮಕೂರಿನಿಂದ ಒಬ್ಬ ಅಧಿಕಾರಿ ತರಬೇಕು. ಹತ್ತೂಕಾಲಿಗೆ ಬರಬೇಕಾಗಿದ್ದ ಬಸ್ಸು ಇನ್ನೂ ಪತ್ತೆಯಿಲ್ಲ. ನೆರಳು ಗೆರೆಯ ಕಡೆಗೆ ಸರಿಯುತ್ತಿತ್ತು. ಅಜ್ಜಿ ಗೆರೆ ನೋಡುತ್ತಿದ್ದರು, ನಾನು ಅಜ್ಜಿಯನ್ನು ನೋಡುತ್ತಿದ್ದೆ, ಹುಡುಗಿ ನನ್ನನ್ನು ನೋಡುತ್ತಿದ್ದಳು.

ಪಾವಗಡದ ಹುಡುಗ ಕಿವಿಗೆ ಕೈ ಇಟ್ಟುಕೊಂಡ. "ಸಾರ್, ಊರಾಚೆ ಏರಲ್ಲಿ ನಿಂತೈತೆ. ಆ ಕೆಮ್ಮು ನೋಡಿ ಸಾರ್, ಇದ್ದಿಲು ಬಸ್ಸೇ. ಅದು ತಾನಾಗೇ ಬರಲ್ಲ. ತೋಯಾಲ!"

ಹೇಳಿದವನೇ ಓಡಿದ. ಅವನ ಹಿಂದೆ ಹುಡುಗಿ ಓಡಿದಳು, ಶಿರಾದವನು, ದುರ್ಗದವನು, ಅಂಗಳದಲ್ಲಿದ್ದ ಮಕ್ಕಳೆಲ್ಲ ಓಡಿದರು. ನಾನೂ ಪಂಚೆ ಎತ್ತಿ ಕಟ್ಟಿದೆ.

ಏರಿನ ನಡುವೆ ಬಸ್ಸು ಹೊಗೆ ಉಗುಳುತ್ತ ನಿಂತಿತ್ತು. ಪ್ರಯಾಣಿಕರು ತಳ್ಳಿ ತಳ್ಳಿ ಸುಸ್ತಾಗಿ ರಸ್ತೆ ಬದಿಯಲ್ಲಿ ಕೂತಿದ್ದರು. ಒಳಗೆ ಅಧಿಕಾರಿ ಒಬ್ಬರೇ ಗಂಟನ್ನು ಎದೆಗೆ ಅಪ್ಪಿಕೊಂಡು ಕೂತಿದ್ದರು. "ಸ್ವಾಮಿ, ಇಳಿದು ಬನ್ನಿ, ನಡೆದೇ ಹೋಗೋಣ" ಅಂದೆ.

"ಆಗೋದಿಲ್ರೀ. ಮೊಹರಾದ ಗಂಟನ್ನು ಸ್ಕೂಲು ಮುಟ್ಟುವ ತನಕ ವಾಹನದಿಂದ ಇಳಿಸಬಾರದು ಅಂತ ನನಗೆ ಆರ್ಡರ್ ಇದೆ."

ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು. ಅಷ್ಟು ದೂರ ಹೇಗೆ ಬಂದರೋ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ಇಳೀದಿದ್ರೆ ಇರ್ಲಿ ಬುಡ್ರಲಾ, ಆವಯ್ಯನ ಸಮೇತ ತಳ್ರಿ!" ಅಂದವರೇ ತಾವೂ ಬಸ್ಸಿನ ಬೆನ್ನಿಗೆ ಕೈ ಕೊಟ್ಟರು.

ಆ ನೋಟವನ್ನು ನಾನು ಸಾಯುವ ತನಕ ಮರೆಯಲಾರೆ. ಪರೀಕ್ಷೆ ಬರೆಯಬೇಕಾದ ಮಕ್ಕಳು ತಮ್ಮ ಪ್ರಶ್ನೆ ಪತ್ರಿಕೆಯನ್ನು ತಾವೇ ಏರಿಗೆ ತಳ್ಳುತ್ತಿದ್ದಾರೆ. ಹುಡುಗಿ ಮತ್ತು ಅಜ್ಜಿ ಪಕ್ಕ ಪಕ್ಕ. ಅಷ್ಟರಲ್ಲಿ ಇನ್ನೊಂದು ಜೊತೆ ಕೈ ಬಂದು ಸೇರಿತು. ತಿರುಗಿ ನೋಡಿದರೆ ಹೆಡ್‌ಮಾಸ್ಟರರು! ಜರಿ ಪೇಟ ವಾಲಿದೆ, ಮುಚ್ಚು ಕೋಟಿಗೆಲ್ಲ ಇದ್ದಿಲ ಮಸಿ.

"ಜೋರಾಗಿ! ಜೋರಾಗಿ! ಹನ್ನೊಂದೂವರೆಯೊಳಗೆ ಮೊಹರು ಒಡೀಲೇಬೇಕು!"

"ಯಾಕೆ ಸಾರ್? ತಡವಾದರೆ ಅಷ್ಟು ಹೊತ್ತನ್ನು ಕೊನೆಯಲ್ಲಿ ಸೇರಿಸಿ ಕೊಟ್ಟರಾಯಿತಲ್ಲ?" ಅಂದೆ.

"ಶಿಸ್ತು ಕಣ್ರೀ, ಶಿಸ್ತು!" ಅಂದು ಮುಖ ತಿರುಗಿಸಿದರು.

ಬಸ್ಸು ಏರು ದಾಟಿ, ಸ್ಕೂಲಿನ ಬಾಗಿಲ ತನಕ ಬಂದು ನಿಂತಿತು. ಮೊಹರು ಒಡೆದರು. ಮಸಿ ಕೈಯಲ್ಲೇ ಮಕ್ಕಳು ಕೂತರು. ಕಿಟಕಿಯಿಂದ ಇಣುಕಿದೆ, ಹುಡುಗಿ ತಲೆ ತಗ್ಗಿಸಿ ಬರೆಯಲು ಶುರು ಮಾಡಿದ್ದಳು. ಮರದ ಪಕ್ಕ ಕೋಲಿನ ನೆರಳಿಗೂ ಗೆರೆಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಅಜ್ಜಿ ಕೋಲು ಕಿತ್ತು ಎಸೆದು, "ಇನ್ ಬಂದ್ರೆ ಬರ್ಲಿ ರಾಹು, ಈಚೆಗೇ ನಿಂತ್ಕಂಡಿರ್ಲಿ" ಅಂದರು.

ಒಳಗೆ ಮೊದಲನೇ ಪ್ರಶ್ನೆ ಏನಿತ್ತು ಗೊತ್ತೆ? 'ಬೆಳಿಗ್ಗೆ ಏಳು ಮುಕ್ಕಾಲಿಗೆ ತುಮಕೂರು ಬಿಟ್ಟ ಬಸ್ಸು ಎರಡೂವರೆ ಗಂಟೆ ಓಡಿ ಮಧುಗಿರಿ ಸೇರುತ್ತದೆ. ಎಷ್ಟು ಗಂಟೆಗೆ?' ಪಾವಗಡದ ಹುಡುಗ ಎದ್ದು ನಿಂತು ಆ ಅಧಿಕಾರಿಯನ್ನೇ ಕೇಳಿದನಂತೆ, "ಸಾರ್, ನಾವು ತಳ್ಳಿದ್ದನ್ನೂ ಸೇರಿಸ್ಬೇಕಾ, ಇದು ಲೆಕ್ಕದ ಬಸ್ಸಾ?"

ಫಲಿತಾಂಶದ ದಿನ ಹೆಡ್‌ಮಾಸ್ಟರರೇ ಜಗಲಿಯ ಮೇಲೆ ನಿಂತು ಓದಿ ಹೇಳಿದರು. ನನ್ನ ನಾಲ್ಕು ಮಕ್ಕಳೂ ಪಾಸು. ಹೊಳವನಹಳ್ಳಿಯ ಹುಡುಗಿ ಎಲ್ಲರಿಗಿಂತ ಮೊದಲು, ಗಣಿತದಲ್ಲಿ ನೂರಕ್ಕೆ ನೂರು. ಬಸ್ಸಿನ ಲೆಕ್ಕಕ್ಕೆ 'ಹತ್ತೂಕಾಲು' ಅಂತ ಉತ್ತರ ಬರೆದು, ಕೆಳಗೆ 'ನಿಜದ ಬಸ್ಸು ತಡವಾಗಿ ಬಂತು. ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ' ಅಂತ ಒಂದು ಸಾಲು ಸೇರಿಸಿದ್ದಳಂತೆ. ಅಜ್ಜಿ ಮೊಮ್ಮಗಳ ಕೆನ್ನೆ ಸವರಿ ನೆಟಿಕೆ ಮುರಿದರು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಹೆಡ್‌ಮಾಸ್ಟರರು ಜಗಲಿ ಇಳಿದು ಅಜ್ಜಿಯ ಹತ್ತಿರ ಬಂದರು. "ಸೋಮವಾರ ಕರ್ಕೊಂಡು ಬಂದು ಸ್ಕೂಲಿಗೆ ಸೇರಿಸಿ ತಾಯಿ."

ಅಜ್ಜಿ ಕಣ್ಣೊರೆಸಿಕೊಂಡು, "ಎಷ್ಟೊತ್ತಿಗೆ ಬರನ ಸ್ವಾಮಿ?" ಅಂದರು.

ಸೋಮವಾರದ ರಾಹುಕಾಲ ಹಳೇ ಗಂಟೆಗೆ ಏಳೂವರೆಯಿಂದ ಒಂಬತ್ತು ಅನ್ನುವುದು ನಿಮಗೆ ನೆನಪಿರಬೇಕು. ಹೆಡ್‌ಮಾಸ್ಟರರು ಸರಪಣಿ ಗಡಿಯಾರ ತೆಗೆದರು. ಆ ಕಡೆ ಈ ಕಡೆ ನೋಡಿದರು. ಆಮೇಲೆ ಬಗ್ಗಿ ಅಜ್ಜಿಯ ಕಿವಿಯ ಹತ್ತಿರ ಪಿಸುಗುಟ್ಟಿದರು, "ಹತ್ತು ಕಳೆದ ಮೇಲೆ ಬನ್ನಿ. ಹೊಸ ಗಂಟೆ."

ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಸಿ ಇನ್ನೂ ಪೂರ್ತಿ ಹೋಗಿರದ ಆ ಕೋಟನ್ನೂ ನೋಡಿದರು. ಬಾಯಿ ತುಂಬ ನಗು ಬಂತು.

"ಅಲೆಲೆ! ನಿಮ್ಗೂ ನನ್ ಮೊಮ್ಮಗ್ಳೇ ಲೆಕ್ಕ ಯೋಳ್ಕೊಟ್ಲಾ ಸ್ವಾಮಿ?"